ಯಾರದೂ ಅಲ್ಲದ ತಿರುವು

ಕಳೆದ ಸೋಮವಾರ ಶಿರಹಟ್ಟಿ ರಸ್ತೆಯ ಜಾಲಿ ತಿರುವಿನಲ್ಲಿ ನಾಲ್ವರು ಸೇರಿದ್ದೆವು. ಸುಣ್ಣದ ಗಡಿಗೆ ಹಿಡಿದ ನಮ್ಮ ಚಿಗವ್ವ ನೀಲವ್ವ, ಅವಳ ಗಂಡ ಅಂದರೆ ನಮ್ಮ ಕಾಕಾ, ನಾನು, ಮತ್ತು ಜೀಪಿನಲ್ಲಿ ಬಂದ ರಸ್ತೆ ಇಲಾಖೆಯ ಸಾಹೇಬರು. ಜೊತೆಗೆ ಕಾಕಾನ ಎತ್ತು. ಅದಕ್ಕೆ ಒಂದೇ ಕೋಡು.

ಇನ್ನೊಂದು ಕೋಡು ಹೋದ ತಿಂಗಳು ಇಲ್ಲೇ ಮುರಿಯಿತು. ಕಾಕಾ ಗದಗಿಗೆ ಹತ್ತಿ ಹೇರಿಕೊಂಡು ಹೊರಟಿದ್ದ. ಎದುರಿಗೆ ಬಸ್ಸು. ಜಾಲಿ ಪೊದೆಯ ಮರೆಯಲ್ಲಿ ಇವನಿಗೆ ಬಸ್ಸು ಕಾಣಲಿಲ್ಲ, ಬಸ್ಸಿನವನಿಗೆ ಇವನು ಕಾಣಲಿಲ್ಲ. ಕೋಡಿಗೆ ಬಡಿದ ಬಸ್ಸು ಇನ್ನೊಂದು ಗೇಣು ಈಚೆ ಬಂದಿದ್ದರೆ ಕಾಕಾನೇ ಇರುತ್ತಿರಲಿಲ್ಲ.

ಪೊದೆ ಕಡಿಯಬಾರದೇ? ಅದು ಸರಕಾರದ ಜಾಲಿ. ನಾವು ಕೊಡಲಿ ಹಾಕಿದರೆ ಕೇಸು. (ಜನರನ್ನು ಗುದ್ದಿಸುವ ಜಾಲಿಗೆ ಕೇಸಿಲ್ಲ!)

ರಾಜರ ಕಾಲದಲ್ಲಿ ಈ ತಿರುವಿನ ನಡುವೆಯೇ ಗಡಿ ಹಾದುಹೋಗಿತ್ತು. ಈ ಕಡೆಯವರು ‘ಅದು ಸಂಸ್ಥಾನದ್ದು’ ಎನ್ನುತ್ತಿದ್ದರು. ಆ ಕಡೆಯವರು ‘ಅದು ಇಂಗ್ರೇಜರದ್ದು’ ಎನ್ನುತ್ತಿದ್ದರು. ಇಂಗ್ರೇಜರು ಹೋದರು, ಸಂಸ್ಥಾನ ಹೋಯಿತು, ಕನ್ನಡ ನಾಡೂ ಒಂದಾಯಿತು. ತಿರುವು ಮಾತ್ರ ಇನ್ನೂ ಯಾರದೂ ಆಗಿಲ್ಲ.

ಅದಕ್ಕೇ ನಾನು ಇಲಾಖೆಗೆ ಅರ್ಜಿ ಬರೆದೆ. ಸಾಹೇಬರು ಬರುವಷ್ಟರಲ್ಲಿ ಚಿಗವ್ವ, ತಿರುವಾದರೂ ಕಾಣಲಿ ಎಂದು, ರಸ್ತೆ ಅಂಚಿನ ಕಲ್ಲುಗಳಿಗೆ ಸುಣ್ಣ ಬಳಿಯುತ್ತ ಬಂದಿದ್ದಳು.

ಸಾಹೇಬರು ಬಿಳಿ ಕಲ್ಲು ನೋಡಿ ಖುಷಿಯಾದರು. “ಇಲ್ಲಿ ಕೆಲಸ ಆಗೇತಲ್ರಿ! ಇನ್ನೇನು ಬೇಕು?”

“ಅದು ನಾ ಮಾಡಿದ್ದು. ನಮ್ಮನಿ ಸುಣ್ಣ. ನಿಮ್ಮ ಕೆಲಸ ಆ ಜಾಲಿ ಐತ್ರಿ.”

“ಆತು ಬಿಡ ಯವ್ವಾ. ರಿಪೋರ್ಟ್ ಬರೀತೀನಿ.”

“ಬರೀರಿ. ನಮ್ಮ ಯಜಮಾನ್ರು ನಾಳಿ ಮತ್ತ ಹತ್ತಿ ಹೇರತಾರ. ರಿಪೋರ್ಟ್ ಜಲ್ದಿ ಬರತೈತೋ, ಬಸ್ ಜಲ್ದಿ ಬರತೈತೋ?”

ಕಾಕಾ ಮೆಲ್ಲಗೆ ಗದರಿದ. “ಸುಮ್ನಿರ, ಸಾಹೇಬ್ರು ಅದಾರ.”

“ನೀವು ಸುಮ್ನಿರ್ರಿ! ಎತ್ತಿಗೆ ಕೋಡು ಹೋತು. ನಿಮಗ ಹೋಗಾಕ ತಲಿ ಒಂದ ಐತಿ.”

ಸಾಹೇಬರು ನಕ್ಕರು. ಚಿಗವ್ವ ಸುಣ್ಣದ ಕುಂಚವನ್ನು ಅವರ ಮುಂದೆ ಹಿಡಿದಳು. “ಕಡೀ ಕಲ್ಲು ಉಳದೈತ್ರಿ. ಅದು ಸರಕಾರದ ಪಾಲು. ಹಚ್ರಿ.”

ಒಳ್ಳೆಯ ಮನುಷ್ಯ. ಅಂಗಿ ತೋಳು ಮಡಚಿ ಕಲ್ಲಿನ ಮುಂದೆ ಕುಳಿತೇಬಿಟ್ಟರು.

ಎರಡು ಸಲ ಎಳೆದಿರಬೇಕು. ಭರ್ರನೆ ಬಸ್ಸು ಬಂತು. ಸಾಹೇಬರು ಕುಂಚ ಸಮೇತ ಜಿಗಿದರು. ಎಲ್ಲಿಗೆ? ಸರಕಾರದ ಜಾಲಿಯೊಳಗೆ!

ಮುಳ್ಳು ತೆಗೆಯಲು ಚಿಗವ್ವನಿಗೆ ಅರ್ಧ ತಾಸು ಹಿಡಿಯಿತು. “ಸಾವಕಾಶ ಯವ್ವಾ, ಸಾವಕಾಶ” ಎನ್ನುತ್ತಲೇ ಇದ್ದರು ಪಾಪ. ರಿಪೋರ್ಟಿನ ಮಾತು ಮತ್ತೆ ಬರಲಿಲ್ಲ.

ಮರುದಿನ ಕಾಕಾ ಗಾಡಿ ಹೂಡುವ ಮೊದಲೇ ನಾಲ್ಕು ಆಳುಗಳು ಕೊಡಲಿ ಹಿಡಿದು ತಿರುವಿಗೆ ಬಂದರು.