‘ಹೊಡೆದ್ರು’ ಅಂದರೆ ಎಷ್ಟು ಜನ?

ಮೂಡಿಗೆರೆಯಲ್ಲಿ ಕೋರ್ಟಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದು ಯಾವ ಕಾಲವಾಯಿತೋ, ಜನ ಮಾತ್ರ ಈಗಲೂ ಟೈಪಿಂಗ್ ಅಂಗಡಿ ಎಂದೇ ಅನ್ನುತ್ತಾರೆ. ಕನ್ನಡದ ಕಾಗದಗಳನ್ನು ಇಂಗ್ಲಿಷಿಗೆ, ಇಂಗ್ಲಿಷಿನದನ್ನು ಕನ್ನಡಕ್ಕೆ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಕ್ರಯಪತ್ರ, ವಿಲ್ಲು, ಬ್ಯಾಂಕಿನ ನೋಟೀಸು, ಇಂಥವೇ. ನನ್ನ ಬಾಯಿ ಸ್ವಲ್ಪ ಜೋರು ಎಂಬ ಹೆಸರೂ ಊರಲ್ಲಿದೆ. ಇರಲಿ, ಸುಳ್ಳೇನಲ್ಲ.

ಕಾಫಿ ಹೂ ಬಿಟ್ಟ ವಾರ ಚಿಕ್ಕಮಗಳೂರಿನಿಂದ ಒಬ್ಬಳು ವಕೀಲೆ ಬಂದಳು. ಇನ್ನೂ ಚಿಕ್ಕ ವಯಸ್ಸು. ಒಂದು ಹಾಳೆಯನ್ನು ನನ್ನ ಮುಂದಿಟ್ಟು, “ಅಕ್ಕ, ಈ ಇಂಗ್ಲಿಷ್ ಸರಿ ಇದ್ಯಾ ನೋಡಿ. ಇದ್ರಿಂದ ನಮ್ಮ ಕೇಸೇ ಬಿದ್ದುಹೋಗೋ ಹಂಗಾಗಿದೆ” ಎಂದಳು.

ಅದು ಒಂದು ಹುಡುಗಿಯ ಹೇಳಿಕೆ. ಕೊಟ್ಟಿಗೆಹಾರದ ಕಡೆಯ ಒಂದು ತೋಟದ, ಕೂಲಿಯವರ ಲೈನ್‌ಮನೆಯ ಹುಡುಗಿ. ಹನ್ನೆರಡು ತುಂಬುವ ಮೊದಲೇ ಶಾಲೆ ಬಿಡಿಸಿ ತೋಟದ ಸಾಹುಕಾರರ ಮನೆಗೆಲಸಕ್ಕೆ ಹಾಕಿದ್ದರು. ದೀಪಾವಳಿಗೆ ಅಮ್ಮನ ಹತ್ತಿರ ಹೋಗಬೇಕು ಎಂದಳಂತೆ. ಅಷ್ಟಕ್ಕೇ ಸಾಹುಕಾರರು ಕೋಲು ತೆಗೆದುಕೊಂಡು ಹೊಡೆದು, ಪಾರ್ಚ್‌ಮೆಂಟ್ ಕಾಫಿ ಮೂಟೆ ಇಡುವ ಗೋಡೌನಿಗೆ ಅವಳನ್ನು ನೂಕಿದರು. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅವರು ಬಾಗಿಲು ಎಳೆದು ಹಾಕಿದರು. ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

ಇಲ್ಲಿ ಕೊಟ್ಟ ದೂರು ಸಾಕ್ಷಿ ಸಾಲದೆಂದು ಮುಚ್ಚಿಹೋಗಿತ್ತು. ಹಾಗಂತ ವಕೀಲೆ ಬಿಡಲಿಲ್ಲ. ಕೆಲಸಕ್ಕೆ ಇಟ್ಟುಕೊಂಡ ಮಕ್ಕಳ ಮೇಲೆ ನಡೆದ ಹಿಂಸೆಯನ್ನು ಬೇರೆ ಬೇರೆ ದೇಶಗಳ ನ್ಯಾಯಾಧೀಶರು ಸೇರಿ ವಿಚಾರಿಸುವ ಒಂದು ಅಂತರರಾಷ್ಟ್ರೀಯ ಮಂಡಳಿಗೆ ಈ ಹುಡುಗಿಯ ದೂರನ್ನು ಕಳಿಸಿದ್ದಳು. ಯಾರನ್ನೂ ಜೈಲಿಗೆ ಹಾಕುವ ಅಧಿಕಾರ ಅವರಿಗಿಲ್ಲ. ಆದರೆ ‘ಈ ಮಗು ಹೇಳುವುದು ನಿಜ’ ಎಂದು ಅವರು ಬರೆದರೆ, ಆ ತೋಟದ ಕಾಫಿ ಕೊಳ್ಳುವ ಹೊರದೇಶದವರು ಸುಮ್ಮನೆ ಕೂರುವಂತಿಲ್ಲ, ಇಲ್ಲಿನ ಕೇಸನ್ನು ಮತ್ತೆ ತೆಗೆಸುವುದಕ್ಕೂ ಒಂದು ಬಲ ಬರುತ್ತದೆ. ಬರೆಯದಿದ್ದರೆ ಹುಡುಗಿ ಸುಳ್ಳಿ ಎಂದಾಗುತ್ತದೆ, ಅಷ್ಟೆ.

ಹಾಳೆ ಓದಿದೆ. ಎಲ್ಲೋ ದೂರದಲ್ಲಿ ಕೂತ ಯಾರೋ, ಅಥವಾ ಯಾವುದೋ ಯಂತ್ರವೋ, ಅವಳ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಿತ್ತು. ಅವಳು ‘ಹೊಡೆದ್ರು’ ಎಂದದ್ದಕ್ಕೆಲ್ಲ ‘ದೇ’ ಎಂದು ಹಾಕಿತ್ತು. ಅವರೆಲ್ಲ ಹೊಡೆದರು, ಅವರೆಲ್ಲ ನೂಕಿದರು, ಅವರೆಲ್ಲ ಬಾಗಿಲು ಹಾಕಿದರು. ಒಬ್ಬ ಮನುಷ್ಯ ಹೋಗಿ ಒಂದು ಗುಂಪೇ ನಿಂತುಬಿಟ್ಟಿತ್ತು.

“ಇದನ್ನೇ ಹಿಡ್ಕೊಂಡಿದ್ದಾರೆ ಅಕ್ಕ” ಎಂದಳು ವಕೀಲೆ. “‘ಅವತ್ತು ತೋಟಕ್ಕೆ ರಜೆ, ಮನೇಲಿ ನಾನೊಬ್ಬನೇ ಇದ್ದೆ, ಈ ಗುಂಪು ಎಲ್ಲಿಂದ ಬಂತು?’ ಅಂತ ಸಾಹುಕಾರರು ಬರೆದುಕೊಟ್ಟಿದ್ದಾರೆ. ಹುಡುಗಿ ಕಥೆ ಕಟ್ಟಿದ್ದಾಳೆ ಅಂತ ಅವರ ವಾದ.”

ನನಗೆ ಪಿತ್ತ ನೆತ್ತಿಗೇರಿತು. “ಅಲ್ಲ ಮಾರಾಯ್ತಿ, ನಮ್ಮ ಕಡೆ ಸಾಹುಕಾರರಿಗೆ ‘ಹೊಡೆದ’ ಅಂತ ಯಾರು ಅಂತಾರೆ? ಬೈಯುವಾಗಲೂ ‘ಹಾಳಾಗ್ ಹೋಗ್ಲಿ ಅವ್ರು’ ಅಂತಾನೇ ಬೈಯೋದು! ಅದನ್ನ ಮಂಡಳಿಗೆ ಬರೆದು ಕಳಿಸು.”

“ಕಳಿಸಿದೆ. ಅದು ಆಮೇಲೆ ಹೊಸೆದ ನೆಪ ಅಂದ್ರು ಸಾಹುಕಾರರ ಕಡೆಯವ್ರು. ಹುಡುಗಿ ಬಾಯಿಂದಲೇ ಬರ್ಬೇಕು. ವಿಚಾರಣೆ ದಿನ ನೀವು ದುಭಾಷಿಯಾಗಿ ಬನ್ನಿ. ಆದ್ರೆ ನೀವು ವಿವರಣೆ ಕೊಡೋ ಹಾಗಿಲ್ಲ. ಕೇಳಿದ್ದನ್ನ ಕೇಳಿದ ಹಾಗೆ, ಹೇಳಿದ್ದನ್ನ ಹೇಳಿದ ಹಾಗೆ. ಒಂದು ಮಾತು ಹೆಚ್ಚಿಲ್ಲ, ಕಮ್ಮಿ ಇಲ್ಲ.”

ನನ್ನಂಥವಳಿಗೆ ಎಂಥ ಕಟ್ಟು ನೋಡಿ. ಆದರೂ ಒಪ್ಪಿಕೊಂಡೆ.

ಎರಡು ದಿನ ಬಿಟ್ಟು ವಕೀಲೆ ತಾಯಿ ಮಗಳನ್ನು ಅಂಗಡಿಗೆ ಕರೆದುಕೊಂಡು ಬಂದಳು. ತಾಯಿ ಈಗ ಬೇರೆ ತೋಟದಲ್ಲಿ ಕೆಲಸಕ್ಕಿದ್ದಳು. ಹುಡುಗಿ ಮತ್ತೆ ಶಾಲೆಗೆ ಸೇರಿದ್ದಳು, ಎರಡು ಜಡೆ, ಕೆಂಪು ರಿಬ್ಬನ್ನು. ಅರವತ್ತರ ಹತ್ತಿರ ಬಂದ ನನ್ನನ್ನು ‘ಅಕ್ಕ’ ಎಂದಳು. ಅಲ್ಲಿಗೇ ನಾನು ಅರ್ಧ ಕರಗಿಹೋದೆ. ಬನ್ನು ಕೊಟ್ಟರೆ ಅದನ್ನು ಎಡಗೈಯಲ್ಲಿ ಮುರಿದು ದೊಡ್ಡ ತುಂಡನ್ನು ಅಮ್ಮನಿಗೆ ಕೊಟ್ಟಳು.

ವಕೀಲೆ ಮೆತ್ತಗೆ, “ಪುಟ್ಟಿ, ‘ಅವನು ಹೊಡೆದ’ ಅಂತ ಒಂದ್ಸಲ ಹೇಳು ನೋಡುವ” ಎಂದಳು.

ಹುಡುಗಿ ಅಮ್ಮನ ಮುಖ ನೋಡಿದಳು. “ಹೊಡೆದ” ಎಂದಳು. ಆಮೇಲೆ ಯಾರಿಗೂ ಕೇಳಿಸಬಾರದೆಂಬಂತೆ “ರು” ಎಂದು ಸೇರಿಸಿದಳು.

“ಅವ್ಳನ್ನ ಬೈಬೇಡಿ ಅಕ್ಕ” ಎಂದಳು ತಾಯಿ. “ಸಣ್ಣೋಳಿರುವಾಗಿಂದ ನಾನೇ ಹೇಳಿಕೊಟ್ಟಿದ್ದು. ದೊಡ್ಡೋರಿಗೆ ಏಕವಚನ ಅಂದ್ರೆ ನಮ್ಮಂತೋರಿಗೆ ಮಾರನೇ ದಿನ ಕೆಲಸ ಇರಲ್ಲ. ಇವ್ಳು ಎಂಥೋಳು ಗೊತ್ತುಂಟಾ? ಸಾಹುಕಾರ್ರ ನಾಯಿಗೂ ‘ಅತ್ಲಾಗೆ ಹೋಗಿ’ ಅಂತಿದ್ಲು.”

“ಇಲ್ಲಾಂದ್ರೆ ಕಚ್ತಾರೆ” ಎಂದಳು ಹುಡುಗಿ.

ನಾವೆಲ್ಲ ಗೊಳ್ಳೆಂದು ನಕ್ಕೆವು. ಅವಳೂ ಬಾಯಿ ಮುಚ್ಚಿಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ನನಗೆ ಅಳು ಬಂದಂತಾಯಿತು. ನಾಯಿಗೂ ಮರ್ಯಾದೆ ಕೊಡುತ್ತಿದ್ದ ಮಗುವಿನ ಕೈ ಮೇಲೆ ಬಾಗಿಲು ಹಾಕುವುದಕ್ಕೆ ಮನುಷ್ಯನಿಗೆ ಮನಸ್ಸಾದರೂ ಹೇಗೆ ಬರುತ್ತದೆ? “ಸಾಕು ಬಿಡು. ಅವಳ ನಾಲಿಗೆ ತಿದ್ದೋದು ಬೇಡ, ಅವಳು ಹೆಂಗೆ ಹೇಳ್ತಾಳೋ ಹಂಗೇ ಹೇಳ್ಲಿ” ಎಂದು ವಕೀಲೆಗೆ ಹೇಳಿದೆ. ಅವಳಿಗೂ ಹಾಗೇ ಅನಿಸಿತ್ತು. ಕಲಿಸಿಕೊಟ್ಟ ಮಾತು ಕಲಿಸಿಕೊಟ್ಟಂತೆಯೇ ಕೇಳಿಸುತ್ತದೆ.

ವಿಚಾರಣೆಯ ದಿನ ಬೆಳಿಗ್ಗೆ ತಾಯಿ, ಮಗಳು, ನಾನು ಮೂವರೂ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೊರಟೆವು. ವಸ್ತಾರೆ ದಾಟುವವರೆಗೂ ಹುಡುಗಿ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಆಮೇಲೆ ಕೇಳಿದಳು. “ಅಕ್ಕ, ಅವ್ರು ನನ್ನ ನಂಬ್ತಾರಾ? ಇಲ್ಲಿ ಯಾರೂ ನಂಬ್ಲಿಲ್ಲ.”

“ನಿಜ ಹೇಳು ಪುಟ್ಟಿ, ನಂಬದೆ ಎಲ್ಲಿ ಹೋಗ್ತಾರೆ” ಎಂದೆ. ಬಾಯಲ್ಲಿ ಧೈರ್ಯ ಹೇಳಿದೆನೇ ಹೊರತು ನನಗೇ ಅಷ್ಟು ನಂಬಿಕೆ ಇರಲಿಲ್ಲ.

ವಕೀಲೆಯ ಆಫೀಸಿನ ಒಳಕೋಣೆಯಲ್ಲಿ ಗೋಡೆಗೆ ದೊಡ್ಡ ಪರದೆ ಹಾಕಿದ್ದರು. ಅದರಲ್ಲಿ, ವಿಡಿಯೋ ಕರೆಯಲ್ಲಿ, ಮೂವರು ನ್ಯಾಯಾಧೀಶರು. ನಡುವೆ ಒಬ್ಬ ಅಜ್ಜಿ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಪಕ್ಕದ ಚೌಕದಲ್ಲಿ ಸಾಹುಕಾರರ ಕಡೆಯ ವಕೀಲರು, ಅವರ ಜೊತೆ ಕನ್ನಡ ಬಲ್ಲ ಒಬ್ಬ ಸಹಾಯಕ. ಹುಡುಗಿಯನ್ನು ಮುಂದೆ ಕೂರಿಸಿದರು. ಪಕ್ಕದಲ್ಲಿ ನಾನು, ಹಿಂದಿನ ಕುರ್ಚಿಯಲ್ಲಿ ತಾಯಿ.

ಅಜ್ಜಿ ಊರು, ಶಾಲೆ, ಇಷ್ಟದ ಪಾಠ ಎಲ್ಲ ಕೇಳಿದರು. ನಾನು ಕನ್ನಡದಲ್ಲಿ, “ನಿನಗೆ ಯಾವ ಪಾಠ ಇಷ್ಟ ಪುಟ್ಟಿ ಅಂತ ಕೇಳ್ತಿದ್ದಾರೆ” ಎಂದೆ. ಮಗುವಿನ ಹತ್ತಿರ ಮತ್ತೆ ಹೇಗೆ ಮಾತಾಡುತ್ತಾರೆ? ಹುಡುಗಿ “ಗಣಿತ” ಎಂದಳು. ಅಷ್ಟರಲ್ಲಿ ಆ ಸಹಾಯಕ ತನ್ನ ವಕೀಲರ ಕಿವಿಯಲ್ಲಿ ಏನೋ ಊದಿದ. ವಕೀಲರು ತಕ್ಷಣ ಆಕ್ಷೇಪ ಎತ್ತಿದರು. ದುಭಾಷಿ ಸಾಕ್ಷಿಯನ್ನು ಮನೆಮಗಳ ಹಾಗೆ ಮಾತಾಡಿಸುತ್ತಿದ್ದಾರೆ, ‘ಪುಟ್ಟಿ’ ಎಂದು ಸ್ವಂತ ಮಾತು ಸೇರಿಸುತ್ತಿದ್ದಾರೆ, ಇದು ನಿಷ್ಪಕ್ಷಪಾತವಲ್ಲ ಎಂದು.

ಅಜ್ಜಿ ನನ್ನ ಕಡೆ ನೋಡಿ, ದೊಡ್ಡವರು ಸಾಕ್ಷಿ ಹೇಳಲು ಬಂದರೆ ಹೇಗೆ ಮಾತಾಡಿಸುತ್ತೀರೋ ಹಾಗೆಯೇ ಮಾತಾಡಿಸಿ ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಆಯ್ತಪ್ಪ, ಮರ್ಯಾದೆ ತಾನೇ ಬೇಕಿರುವುದು, ತಗೋ! ಅಜ್ಜಿಯ ಮುಂದಿನ ಪ್ರಶ್ನೆ ಬಂದಾಗ ಸೆಟೆದು ಕೂತು, “ಆ ದಿನ ಏನಾಯಿತು ಎಂದು ದಯವಿಟ್ಟು ನೀವು ಹೇಳುತ್ತೀರಾ?” ಎಂದೆ.

ಹುಡುಗಿ ಹಿಂದೆ ತಿರುಗಿ ಅಮ್ಮನನ್ನು ನೋಡಿದಳು. ಅಮ್ಮ ಗಾಬರಿಯಾಗಿ ಸೆರಗು ಸರಿಮಾಡಿಕೊಂಡಳು.

ಹುಡುಗಿ ಯಾಕೆ ಹಿಂದೆ ನೋಡುತ್ತಿದ್ದಾಳೆ ಎಂದು ಅಜ್ಜಿ ಕೇಳಿದರು. ನಾನು, “ನೀವು ಯಾಕೆ ಹಿಂದೆ ನೋಡುತ್ತಿದ್ದೀರಿ?” ಎಂದೆ. ಹುಡುಗಿ ಮತ್ತೊಮ್ಮೆ ಹಿಂದೆ ನೋಡಿದಳು. ಬಾಗಿಲ ಹತ್ತಿರ ಯಾರಾದರೂ ಬಂದಿದ್ದಾರೇನೋ ಎಂದು ಅಲ್ಲೂ ನೋಡಿದಳು. ಕೊನೆಗೆ, “ಅಕ್ಕ, ಯಾರನ್ನ ಕೇಳ್ತಿದ್ದಾರೆ ಅವ್ರು?” ಎಂದಳು.

ಹೇಳಿದ್ದನ್ನು ಹೇಳಿದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜಿ ಕನ್ನಡಕ ಏರಿಸಿಕೊಂಡರು. ನಿನ್ನೊಬ್ಬಳನ್ನೇ ಕೇಳುತ್ತಿರುವುದು, ಯಾಕೆ ಹಾಗೆ ಅನಿಸಲಿಲ್ಲ ಎಂದು ಕೇಳಿದರು.

“ಅಕ್ಕ ‘ನೀವು’ ಅಂದ್ರು” ಎಂದಳು ಹುಡುಗಿ. “ನಂಗೆ ಯಾರೂ ಹಂಗನ್ನಲ್ಲ. ಅದಕ್ಕೆ ಅಮ್ಮನ್ನ ಕೇಳಿದ್ದು ಅಂದ್ಕೊಂಡೆ. ದೊಡ್ಡೋರು ಒಬ್ರೇ ಇದ್ರೂ ತುಂಬಾ ಜನ ಇದ್ದಂಗೆ ಮಾತಾಡ್ಬೇಕು. ನಮ್ಮಂತೋರಿಗೆ ಬರೀ ‘ನೀನು’.”

ಇಂಗ್ಲಿಷಿನಲ್ಲಿ ಎರಡಕ್ಕೂ ಇರುವುದು ಒಂದೇ ‘ಯೂ’. ಹಾಗಾಗಿ ‘ನೀವು’ ಮತ್ತು ‘ನೀನು’ ಎಂಬ ಎರಡು ಮಾತನ್ನು ಕನ್ನಡದಲ್ಲೇ ಉಳಿಸಿ, ಮಿಕ್ಕದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮೂವರೂ ನ್ಯಾಯಾಧೀಶರು ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಹಾಗಾದರೆ ನಿನ್ನ ಕೈಗೆ ನೋವು ಮಾಡಿದವರ ಬಗ್ಗೆ ಹೇಗೆ ಮಾತಾಡಬೇಕು ಎಂದು ಅಜ್ಜಿ ಕೇಳಿದರು.

“ಸಾಹುಕಾರ್ರಲ್ವಾ? ‘ಅವ್ರು’ ಅನ್ಬೇಕು. ‘ಹೊಡೆದ್ರು’ ಅನ್ಬೇಕು.”

ಅಲ್ಲಿ ಎಷ್ಟು ಜನ ಇದ್ದರು?

“ಒಬ್ರೇ” ಎಂದಳು. ಎಂಥ ಪ್ರಶ್ನೆ ಇದು ಎನ್ನುವ ಹಾಗೆ ಕಣ್ಣು ಕಣ್ಣು ಬಿಟ್ಟಳು.

ಈ ಭಾಷೆಯಲ್ಲಿ ಹಾಗೆ ಉಂಟೇ ಎಂದು ಅಜ್ಜಿ ಆ ಸಹಾಯಕನನ್ನೇ ಕೇಳಿದರು. ಅವನು ತನ್ನ ವಕೀಲರ ಮುಖ ನೋಡಿದ, ಕೆಮ್ಮಿದ, ಉಂಟು ಎಂದ. ಪಾಪ, ಅವನೂ ಕನ್ನಡದವನೇ ಅಲ್ಲವೇ, ಇನ್ನೇನು ಹೇಳಿಯಾನು? ನ್ಯಾಯಾಧೀಶರು ಮೂವರೂ ತಮ್ಮೊಳಗೆ ಮಾತಾಡಿಕೊಂಡರು. ಆಮೇಲೆ ಅಜ್ಜಿ, ಈ ಮಗು ಮೊದಲಿನಿಂದ ಹೇಳುತ್ತಿರುವುದು ಒಬ್ಬರ ಬಗ್ಗೆಯೇ, ಹೇಳಿಕೆಯಲ್ಲಿ ಯಾವ ಗೊಂದಲವೂ ಇಲ್ಲ, ಆ ದಿನ ಮನೆಯಲ್ಲಿ ತಾನೊಬ್ಬನೇ ಇದ್ದೆ ಎಂದು ನಿಮ್ಮ ಕಕ್ಷಿದಾರರೇ ಬರೆದುಕೊಟ್ಟಿದ್ದಾರೆ ಎಂದರು. ಸಾಹುಕಾರರ ವಕೀಲರು ಕಾಗದ ತಿರುವಿ ಹಾಕುತ್ತಾ ಕೂತರು.

ಮಂಡಳಿಯ ತೀರ್ಮಾನ ಬಂದದ್ದು ಮಳೆಗಾಲ ಕಳೆದ ಮೇಲೆ. ಹುಡುಗಿ ಹೇಳಿದ್ದು ನಿಜ ಎಂದೇ ಬರೆದಿದ್ದರು. ಚಿಕ್ಕಮಗಳೂರಿನಲ್ಲಿ ಕೇಸು ಮತ್ತೆ ತೆರೆದಿದೆ, ಇನ್ನೂ ನಡೆಯುತ್ತಿದೆ. ಆದರೆ ನನಗೆ ಆ ತೀರ್ಮಾನಕ್ಕಿಂತ ಹೆಚ್ಚಾಗಿ ನೆನಪಾಗುವುದು ಅವತ್ತು ಪರದೆ ಆರಿಸುವ ಮುಂಚಿನ ಒಂದೆರಡು ನಿಮಿಷ.

ಇನ್ನೇನಾದರೂ ಹೇಳುವುದಿದೆಯೇ ಎಂದು ಅಜ್ಜಿ ಕೇಳಿದರು. ಈ ಸಲ ನನಗೆ ಸಿಟ್ಟೂ ಇರಲಿಲ್ಲ, ಹಟವೂ ಇರಲಿಲ್ಲ. ಆ ಮಾತು ಅವಳಿಗೆ ಸಲ್ಲಬೇಕಾದದ್ದು ಎಂದೇ, “ನೀವು ಇನ್ನೇನಾದರೂ ಹೇಳಬೇಕಾ?” ಎಂದೆ.

ಈ ಸಲ ಅವಳು ಹಿಂದೆ ತಿರುಗಲಿಲ್ಲ. ಮಡಚಲಾಗದ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಪರದೆಯ ಕಡೆಗೇ ನೋಡುತ್ತಾ ನಿಧಾನವಾಗಿ ಹೇಳಿದಳು.

“ಅವನು ನನ್ನ ಕೈ ಮೇಲೆ ಬಾಗಿಲು ಹಾಕ್ದ.”

ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅಲ್ಲಿ ‘ಹೀ’ ಎಂದರೆ ಮುಗಿಯಿತು, ಆ ಮೂವರಿಗೆ ಹೊಸದೇನೂ ಕೇಳಿಸಲಿಲ್ಲ. ಕೇಳಿಸಿದ್ದು ಈ ಕೋಣೆಯಲ್ಲಿದ್ದ ನಮಗೆ ಮಾತ್ರ. ಹಿಂದಿನ ಕುರ್ಚಿಯಲ್ಲಿದ್ದ ತಾಯಿ ‘ಶ್’ ಎನ್ನಲು ಎಂದಿನಂತೆ ಕೈ ಎತ್ತಿದ್ದನ್ನು ನಾನು ಕಂಡೆ. ಎತ್ತಿದ ಕೈಯನ್ನು ಮಗಳ ಬೆನ್ನ ಮೇಲಿಟ್ಟು, “ಹ್ಞೂಂ ಮಗಾ, ಅವ್ನೇ” ಎಂದಳು.