ಎಕ್ಕದ ಸವತಿ

ಚಿಕ್ಕವ್ವನ ಬಳೆಗಳು ಸದ್ದು ಮಾಡುತ್ತಿರಲಿಲ್ಲ. ಕೆಲಸಕ್ಕೆ ಕೂರುವ ಮೊದಲು ಎರಡೂ ಕೈಯ ಗಾಜಿನ ಬಳೆಗಳನ್ನು ಮೊಣಕೈಯ ಹತ್ತಿರಕ್ಕೆ ದೂಡಿ, ಹಳೆ ಸೀರೆಯ ಅಂಚಿನ ಚೂರಿನಿಂದ ಬಿಗಿಯಾಗಿ ಕಟ್ಟಿಬಿಡುತ್ತಿದ್ದಳು. ಒಡೆದರೆ ಅಪಶಕುನವೆಂದು ಅಜ್ಜಿ ಬೈಯುತ್ತಾಳೆ, ಅದಕ್ಕೆ. ಕೆಲಸ ಮುಗಿಯುವುದೇ ಇಲ್ಲವಾದ್ದರಿಂದ ಆ ಕಟ್ಟು ಬಿಚ್ಚಿದ್ದನ್ನು ನಾನು ಕಂಡದ್ದು ಕಡಿಮೆ. ಕಟ್ಟಿದ ಜಾಗದಲ್ಲಿ ಚರ್ಮ ಒಂದು ಪಟ್ಟಿಯಷ್ಟು ಬೆಳ್ಳಗಾಗಿತ್ತು. ಸದ್ದಿಲ್ಲದೆ ಬಂದು ಹಿಂದೆ ನಿಂತಿರುತ್ತಿದ್ದಳು. ತಿರುಗಿದಾಗ ಬೆಚ್ಚಿಬೀಳುತ್ತಿದ್ದೆ.

ಅವಳು ನನ್ನ ಮಲತಾಯಿ, ಅಪ್ಪನಿಗೆ ನಾಲ್ಕನೆಯ ಹೆಂಡತಿ. ಮೊದಲನೆಯವಳು ಮದುವೆಯಾದ ಎರಡು ವರ್ಷಕ್ಕೆ ಹೆರಿಗೆಯಲ್ಲಿ ತೀರಿಕೊಂಡಳಂತೆ. ಎರಡನೆಯವಳು ನನ್ನ ಅವ್ವ. ನನಗೆ ಏಳು ತುಂಬುವ ಮೊದಲೇ ಚಳಿಜ್ವರದಲ್ಲಿ ಹೋದಳು. ಮೂರನೆಯವಳು ಒಂದು ಎಕ್ಕದ ಗಿಡ.

ಇದನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ಇಬ್ಬರು ಹೆಂಡಿರನ್ನು ಕಳೆದುಕೊಂಡವನಿಗೆ ಮೂರನೆಯವಳೂ ಉಳಿಯುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿತ್ತು. ಹಾಗಾಗಿ ಹೆಣ್ಣು ತರುವ ಮೊದಲು ಗಂಡಿಗೆ ಎಕ್ಕದ ಗಿಡದೊಡನೆ ಮದುವೆ ಮಾಡಿ, ಗಿಡವನ್ನು ಕಡಿದುಬಿಡುತ್ತಿದ್ದರು. ಬರುವ ಸಾವು ಗಿಡದ ತಲೆಗೆ ಹೋಗಲಿ ಎಂದು. ಆಮೇಲೆ ಬಂದವಳು ನಾಲ್ಕನೆಯವಳಾಗುತ್ತಾಳೆ, ಬದುಕುತ್ತಾಳೆ.

ಎಕ್ಕವೂ ಅಂಥದ್ದೇ ಗಿಡ. ಹಾಳುಬಿದ್ದ ಗೋಡೆಯ ಮೇಲೆ ಹುಟ್ಟುತ್ತದೆ. 'ನಿನ್ ಮನೆ ಎಕ್ಕುಟ್ಟೋಗ' ಎಂದು ಹೆಂಗಸರು ಶಪಿಸುವುದು ಅದಕ್ಕೇ. ಅದರ ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ, ಹೊಟ್ಟೆಗೆ ಹೋದರೆ ಪ್ರಾಣ. ಅದೇ ಗಿಡದ ಹೂವಿನ ಹಾರ ಶನಿವಾರ ಹನುಮಂತರಾಯನ ಕೊರಳಿಗೆ, ಅದರ ಎಲೆ ರಥಸಪ್ತಮಿಯ ಸ್ನಾನಕ್ಕೆ ನಮ್ಮ ತಲೆಯ ಮೇಲೆ. ಬಿಳಿ ಎಕ್ಕದ ಬೇರನ್ನು ತೊಟ್ಟಿಲಿಗೆ ಕಟ್ಟಿದರೆ ಕೂಸಿಗೆ ದೃಷ್ಟಿ ತಾಗುವುದಿಲ್ಲ. ನಾವು ಮಕ್ಕಳು ಅದರ ಮೊಗ್ಗನ್ನು ಬೆರಳಲ್ಲಿ ಒತ್ತಿ ಪಟ್ಟೆನಿಸಿ, ಆಮೇಲೆ ಹೆದರಿ ಕೈಯನ್ನು ಮಣ್ಣಿಗೆ ಉಜ್ಜುತ್ತಿದ್ದೆವು.

ನಮ್ಮೂರು ಹೊಳೆನರಸೀಪುರಕ್ಕೆ ಎರಡು ಮೈಲಿ. ಒಂದು ಭಾನುವಾರ ಬೆಳಗ್ಗೆ ನಮ್ಮ ಕಣದ ಬೇಲಿಯ ಪಕ್ಕ ಅಪ್ಪನ ಮೂರನೆಯ ಮದುವೆ ನಡೆಯಿತು. ಅರಿಶಿನ ಕುಂಕುಮದ ತಟ್ಟೆ ಹಿಡಿದವಳು ನಾನೇ. ಅಜ್ಜಿ ಗಿಡಕ್ಕೆ ನೀರು ಹೊಯ್ದು ರವಿಕೆ ಬಟ್ಟೆ ಹೊದಿಸಿದಳು. ಪುರೋಹಿತರು ಹೇಳಿದಂತೆ ಅಪ್ಪ ಅರಿಶಿನದ ಕೊಂಬು ಕಟ್ಟಿದ. ಎಲ್ಲ ಮುಗಿದ ಮೇಲೆ ಮಚ್ಚು ತೆಗೆದುಕೊಂಡು ಬುಡಕ್ಕೆ ಹೊಡೆದ. ಬಿಳಿ ಹಾಲು ತೊಟ್ಟು ತೊಟ್ಟಾಗಿ ಇಳಿಯಿತು.

"ಓದ್ಲು ಬುಡು, ಪೀಡೆ ಕಳೀತು. ತಲೆ ಮೇಲೆ ನೀರುಯ್ಕಳ್ಳಪ್ಪ" ಎಂದಳು ಅಜ್ಜಿ.

"ಇವ್ಳಿಗೂ ತಿಥಿ ಮಾಡ್ತೀರಾ ಅಜ್ಜಿ?" ಎಂದು ಕೇಳಿ ನಾನು ಬೆನ್ನಿಗೆ ಏಟು ತಿಂದೆ.

ಅದೇ ತಿಂಗಳು ಅರಕಲಗೂಡಿನ ಕಡೆಯಿಂದ ಚಿಕ್ಕವ್ವ ಬಂದಳು. ಹದಿನೆಂಟು ಇರಬಹುದು. ಬಂದ ಮಾರನೆಯ ದಿನದಿಂದಲೇ ರಾಗಿ ಬೀಸುವುದು, ನೀರು ಹೊರುವುದು, ಕೊಟ್ಟಿಗೆ ಬಳಿಯುವುದು ಎಲ್ಲ ಅವಳ ಪಾಲಿಗೆ ಬಂತು. ಒಂದು ಕೆಲಸ ಮುಗಿಸಿ, ಸೊಂಟದ ಮೇಲೆ ಕೈಯಿಟ್ಟು, ಯಾರನ್ನೂ ನೋಡದೆ, "ಇದಾಯ್ತು. ಇನ್ನೇನೈತೆ?" ಎನ್ನುತ್ತಿದ್ದಳು. ಸಿಟ್ಟಿರಲಿಲ್ಲ, ಉತ್ಸಾಹವೂ ಇರಲಿಲ್ಲ. ನನ್ನ ತಲೆ ಬಾಚಿ ಜಡೆ ಹೆಣೆದು ಮುಗಿಸಿದಾಗಲೂ ಅದೇ ಮಾತು.

ನಾನು ಅವಳನ್ನು ದ್ವೇಷಿಸುತ್ತಿದ್ದೆ. ಒಂದು ಮಧ್ಯಾಹ್ನ ಅವಳು ನನ್ನ ಅವ್ವನ ಹಸಿರು ಸೀರೆಯನ್ನು ಕೌದಿಗೆಂದು ಹರಿಯುತ್ತಾ ಕೂತಿದ್ದಳು. ಹರಿಯಲು ಹೇಳಿದ್ದು ಅಜ್ಜಿ ಎಂದು ತಿಳಿದದ್ದು ಎಷ್ಟೋ ಆಮೇಲೆ. ಆ ಹೊತ್ತಿಗೆ ನನಗೆ ಕಂಡದ್ದು ಅವಳ ಕೈ ಮಾತ್ರ.

ಮುಂಗಾರಿನ ಮೊದಲ ಮಳೆಗೆ ಕಡಿದ ಎಕ್ಕ ಬುಡದಿಂದ ಚಿಗುರಿತು. ಅಜ್ಜಿ ಹಣೆ ಚಚ್ಚಿಕೊಂಡಳು. "ಸತ್ತೋಳು ಎದ್ ಬಂದವಳೆ ಕಣ್ಲಾ! ಅವ್ಳು ಬದುಕಿದ್ರೆ ಇವ್ಳು ಉಳೀತಾಳಾ? ಬೇರು ಸಮೇತ ಕಿತ್ತಾಕು!"

ಅಪ್ಪ ಜಗಲಿಯಿಂದ ಏಳಲಿಲ್ಲ. "ಒಂದ್ಸಲ ಕಡ್ದಿದ್ದಾಯ್ತಲ್ಲವ್ವ. ಇನ್ನ ನನ್ ಕೈಲಾಗಕಿಲ್ಲ, ಬುಡು" ಎಂದ. ಇಬ್ಬರು ಹೆಂಡಿರನ್ನು ಹೊಳೆಯ ದಡದಲ್ಲಿ ಮಣ್ಣು ಮಾಡಿ ಬಂದ ಮನುಷ್ಯ ಅವನು. ಅವನೂ ಸುಸ್ತಾಗಿದ್ದ ಎಂದು ಈಗ ಅರ್ಥವಾಗುತ್ತದೆ.

ಅಜ್ಜಿಯ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಗಿಡ ಬದುಕಿದರೆ ಚಿಕ್ಕವ್ವ ಉಳಿಯುವುದಿಲ್ಲ. ಬೇಸಿಗೆ ಬಂದಾಗ ನಾನು ಯಾರಿಗೂ ಕಾಣದಂತೆ ಚೆಂಬಿನಲ್ಲಿ ನೀರು ಒಯ್ದು ಎಕ್ಕದ ಬುಡಕ್ಕೆ ಹೊಯ್ಯತೊಡಗಿದೆ. ಎರಡು ಬೇಸಿಗೆ ಹಾಗೆ ಮಾಡಿದೆ. ಗಿಡ ನನ್ನೆತ್ತರಕ್ಕೆ ಬೆಳೆದು ಗೊಂಚಲು ಗೊಂಚಲಾಗಿ ಹೂ ಬಿಟ್ಟಿತು. ಆ ಎರಡು ವರ್ಷಗಳಲ್ಲಿ ಚಿಕ್ಕವ್ವನಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಇಳಿದುಹೋಯಿತು. ಮೂರನೆಯ ವರ್ಷ, ಅವ್ವನಿಗೆ ಬಂದ ಚಳಿಜ್ವರವೇ ಅವಳಿಗೂ ಬಂತು.

ನಾಲ್ಕು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. "ಆ ಎಕ್ಕದೋಳು ಕರೀತಾವ್ಳೆ" ಎಂದು ಅಜ್ಜಿ ಹೊಸ್ತಿಲಲ್ಲಿ ಕೂತು ಗೊಣಗುತ್ತಿದ್ದಳು. ಅಪ್ಪ ಔಷಧಿಗೆಂದು ಹೊಳೆನರಸೀಪುರಕ್ಕೆ ಹೋಗಿದ್ದ. ಅಜ್ಜಿ ದನಕ್ಕೆ ನೀರು ಕುಡಿಸಲು ಎದ್ದು ಹೋದಾಗ ಒಳಗೆ ನಾವಿಬ್ಬರೇ ಉಳಿದೆವು. ಅವಳ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದ ನನಗೆ ತಡೆಯಲಾಗಲಿಲ್ಲ.

"ಚಿಕ್ಕವ್ವಾ, ಎಕ್ಕಕ್ಕೆ ನೀರುಯ್ದಿದ್ದು ನಾನೇ. ನೀನು ಸಾಯ್ಲಿ ಅಂತ ಉಯ್ದೆ."

ಅವಳು ಹಣೆಯ ಬಟ್ಟೆ ಸರಿಸಿ ನನ್ನ ಕಡೆ ತಿರುಗಿದಳು. "ಅಷ್ಟು ದೂರ ಚೆಂಬು ಒತ್ಕಂಡೋಗಿ ಕೈ ನೋಯ್ನಿಲ್ವಾ?" ಎಂದಳು.

ನಾನು ಅಳತೊಡಗಿದೆ.

"ಅಳಬ್ಯಾಡ. ನಾನೂ ಉಯ್ದಿವ್ನಿ ಕಣ್ ಮಗ. ಬಸ್ರು ಇಳ್ದೋದಾಗೆಲ್ಲ. ಅವ್ಳು ಬದುಕ್ಲಿ, ನಾನು ಓಯ್ತೀನಿ, ಸಾಕಾಗೈತೆ ಅಂತ." ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು: "ಇಬ್ರೂ ಉಯ್ದ್ರೂ ನಾನಿಲ್ಲೇ ಇವ್ನಿ. ಗಿಡಕ್ಕೇನು ಗೊತ್ತು? ನೀರು ಕಂಡ್ರೆ ಚಿಗುರ್ತದೆ. ಅಷ್ಟೇಯ."

ಅಪ್ಪ ಕ್ವಿನೈನ್ ತಂದ. ವಾರದ ಮೇಲೆ ಜ್ವರ ಬಿಟ್ಟಿತು. ಎದ್ದು ನಿಲ್ಲಲು ಬಂದ ದಿನವೇ ಅವಳು ಬೀಸುವ ಕಲ್ಲಿನ ಮುಂದೆ ಕೂತಳು. ನಾನು ಎದುರಿಗೆ ಕೂತು ಗೂಟಕ್ಕೆ ಕೈ ಹಾಕಿದೆ. ನಾವು ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ನನಗೆ ಹದಿನಾಲ್ಕಾದಾಗ ಚನ್ನರಾಯಪಟ್ಟಣದ ಕಡೆಯಿಂದ ಸಂಬಂಧ ಬಂತು. ತೆಂಗಿನ ತೋಟವಿದ್ದ ಮನೆ. ಗಂಡಿಗೆ ಇಬ್ಬರು ಹೆಂಡಿರು ತೀರಿದ್ದರು. "ಎಕ್ಕದ ಮದ್ವೆ ಮುಗಿಸ್ಕಂಡೇ ಬತ್ತರಂತೆ, ಭಯ ಇಲ್ಲ" ಎಂದು ಅಜ್ಜಿ ಸಂಭ್ರಮದಿಂದ ಹೇಳಿದಳು.

ಚಿಕ್ಕವ್ವ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು. ಆ ಮನೆಗೆ ಬಂದ ಮೇಲೆ ಅವಳು ಅಜ್ಜಿಗೆ ಎದುರಾಡಿದ್ದು ಅದೊಂದೇ ಸಲ.

"ಬ್ಯಾಡ ಅತ್ತೆ. ಇಂಗೆ ಬಂದೋಳು ನಾನೊಬ್ಳು ಸಾಕು. ಈ ಮಗೀನ ಅಲ್ಲಿಗೆ ಕೊಟ್ರೆ ನಾನು ಅರಕಲಗೂಡಿಗೆ ನಡ್ಕಂಡೋಯ್ತೀನಿ. ನಿಮ್ಮ ಒಲೆ ನೀವೇ ಅಚ್ಕಳಿ."

"ಓಗೇ, ಯಾರ್ ತಡೀತಾರೆ ನಿನ್ನ?" ಎಂದು ಅಜ್ಜಿ ಕೂಗಿದಳು. ಚಿಕ್ಕವ್ವ ಎದ್ದು ನಿಂತಳು. ಹೋಗಿಯೇಬಿಡುತ್ತಾಳೆ ಎನ್ನಿಸಿತು ನನಗೆ. ಅಪ್ಪನಿಗೂ ಅನ್ನಿಸಿರಬೇಕು. ಜಗಲಿಯಿಂದಲೇ, "ಬ್ಯಾಡ ಅಂದ್ ಕಳ್ಸವ್ವ. ಮಗ ಓದ್ಕಳ್ಳಿ" ಎಂದ.

ಹಾಗೆ ನಾನು ಓದು ಬಿಡಲಿಲ್ಲ. ಎರಡು ಮೈಲಿ ನಡೆದು ಹೋಗಿ ಓದಿದೆ, ಹಾಸನದಲ್ಲಿ ತರಬೇತಿ ಮುಗಿಸಿದೆ, ಸಾಲಗಾಮೆಯ ಹತ್ತಿರದ ಒಂದು ಶಾಲೆಯಲ್ಲಿ ಶಿಕ್ಷಕಿಯಾದೆ. ಮೊದಲ ರಜೆಗೆ ಊರಿಗೆ ಬಂದಾಗ ಅವಳಿಗೊಂದು ಸೀರೆ ತಂದಿದ್ದೆ. ಮಡಿಕೆ ಬಿಚ್ಚದೆ ಪೆಟ್ಟಿಗೆಯಲ್ಲಿಟ್ಟಳು.

ಅದೇ ರಜೆಯಲ್ಲಿ ಅವಳು ತೀರಿಕೊಂಡಳು. ಮೂವತ್ತು ದಾಟಿರಲಿಲ್ಲ. ಕೊನೆಗೂ ಎಕ್ಕ ಅವಳನ್ನು ಕರೆದುಕೊಂಡಿತು ಎಂದು ಊರಿನವರು ಆಡಿಕೊಂಡರು. ಹನ್ನೆರಡು ವರ್ಷ ಆ ಮನೆಯ ರಾಗಿ ಬೀಸಿದವರು ಯಾರೆಂದು ಅವರನ್ನು ಕೇಳಬೇಕೆನ್ನಿಸಿತು. ಜಗಳಕ್ಕೆ ತ್ರಾಣವಿರಲಿಲ್ಲ.

ಆ ದಿನ ಬೆಳಕು ಹರಿದರೂ ಚಿಕ್ಕವ್ವ ಎದ್ದಿರಲಿಲ್ಲ. ಅಜ್ಜಿ ಗೊಣಗಿಕೊಂಡು ಎಬ್ಬಿಸಲು ಹೊರಟಳು.

"ಮಲಗ್ಲಿ ಬುಡಜ್ಜಿ. ಒಂದಿನ ಮಲಗ್ಲಿ" ಎಂದೆ.

ನಾನೇ ಅಂಗಳ ಗುಡಿಸಿದೆ. ಬಾವಿಯಿಂದ ಆರು ಕೊಡ ನೀರು ತಂದೆ. ಕೊಟ್ಟಿಗೆ ಬಳಿದೆ, ಹಾಲು ಕರೆದೆ, ಒಲೆ ಹಚ್ಚಿ ಗಂಜಿಗಿಟ್ಟೆ. ಅವಳಿಗೆ ಎಚ್ಚರವಾಗಬಾರದೆಂದು ಪಾತ್ರೆಯನ್ನೂ ಸದ್ದಾಗದಂತೆ ಇಡುತ್ತಿದ್ದೆ. ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಗಂಜಿ ತೆಗೆದುಕೊಂಡು ಒಳಗೆ ಹೋಗಿ ಅವಳ ಕಾಲು ಮುಟ್ಟಿದೆ. ಎಷ್ಟು ಹೊತ್ತಿನ ಹಿಂದೆ ತಣ್ಣಗಾಗಿತ್ತೋ.

ಮನೆಗೆಲಸವೆಲ್ಲ ಆಗಿದೆ, ಇನ್ನೇನೂ ಉಳಿದಿಲ್ಲ ಎಂದು ಹೇಳಬೇಕೆಂದೇ ನಾನು ಒಳಗೆ ಹೋಗಿದ್ದು.