ಪಿಕಳಾರದ ಸಮೀಪದರ್ಶನ

ನಮ್ಮ ಹಬ್ಬುವಾಡದ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ತಂತಿಯೊಂದಿದೆ. ಬೆಳಗಿನ ಹೊತ್ತು ಅದರ ಮೇಲೆ ಹೆಬ್ಬೆರಳ ಗಾತ್ರದ ಸೂರಕ್ಕಿಯೊಂದು ಬಂದು ಕೂರುತ್ತದೆ. ಹೆಂಡತಿ ಅದರ ಪಕ್ಕದಲ್ಲೇ ಒದ್ದೆ ಪಂಚೆಯನ್ನು ಪಟಪಟನೆ ಕೊಡವಿದರೂ ಅದು ಕದಲುವುದಿಲ್ಲ; ಆಚೆಮನೆಯ ಸ್ಕೂಟರು ಕೆಮ್ಮಿ ಕೆಮ್ಮಿ ಚಾಲೂ ಆದರೂ ಅದರ ಧ್ಯಾನಕ್ಕೆ ಭಂಗವಿಲ್ಲ. ಆದರೆ ನಾನು ಅಡುಗೆಮನೆಯ ಕಿಟಕಿಯ ಹಿಂದೆ ಉಸಿರು ಬಿಗಿಹಿಡಿದು ನಿಂತು, ಕ್ಯಾಮೆರಾದ ಲೆನ್ಸಿನ ಮುಚ್ಚಳ ತೆಗೆದೆನೋ ಇಲ್ಲವೋ, ಹಕ್ಕಿ ಅಂತರ್ಧಾನ. ತಂತಿ ಮಾತ್ರ ತೂಗುತ್ತಿರುತ್ತದೆ. ತೂಗುವ ತಂತಿಯ ಛಾಯಾಗ್ರಹಣದಲ್ಲಿ ನನ್ನಷ್ಟು ಪರಿಣತಿ ಸಾಧಿಸಿದವರು ಈ ಕರಾವಳಿಯಲ್ಲಿ ಇನ್ನೊಬ್ಬರಿರಲಾರರು.

ನಿವೃತ್ತನಾದ ಮೇಷ್ಟರಿಗೆ ಒಂದು ವ್ಯಸನ ಬೇಕು ಎಂಬುದು ಲೋಕಾಭಿಪ್ರಾಯ. ಇಸ್ಪೀಟು ಬರುವುದಿಲ್ಲ, ರಾಜಕೀಯ ಮಾತಾಡಿದರೆ ರಕ್ತದೊತ್ತಡ ಏರುತ್ತದೆ. ಹಾಗಾಗಿ ನಿರಪಾಯಕಾರಿ ಎಂದು ಭ್ರಮಿಸಿ ಈ ಹಕ್ಕಿಗಳ ಗೊಡವೆಗೆ ಬಿದ್ದೆ. ಅದರಲ್ಲೂ ಹದ್ದು, ಕೊಕ್ಕರೆಯಂಥ ದೊಡ್ಡ ಮನುಷ್ಯರು ನನಗೆ ಬೇಡ. ಅಂಗೈಯಲ್ಲಿ ಅಡಗುವ ಸಣ್ಣ ಹಕ್ಕಿಯೇ ಆಗಬೇಕು, ಅದರ ರೆಪ್ಪೆಯ ಅಂಚೂ ಕಾಣುವಷ್ಟು ಹತ್ತಿರದಿಂದಲೇ ಆಗಬೇಕು. ಈ ಹಟಕ್ಕಾಗಿ ಕದ್ವಾಡದ ಬಳಿ ಕಾಳಿ ನದಿಯ ಕೆಸರಿನಲ್ಲಿ, ತಲೆಯ ಮೇಲೆ ಹಸಿರು ಬಟ್ಟೆ ಹೊದ್ದು, ಮಿಂಚುಳ್ಳಿಗಾಗಿ ಇಡೀ ಬೆಳಗು ಕೂತವನು ನಾನು. ಬಳಚಿನ ಚಿಪ್ಪು ಆರಿಸಲು ಬಂದ ಹೆಂಗಸರು ದೂರದಿಂದ ತುಸು ಹೊತ್ತು ನೋಡಿ, ಹತ್ತಿರ ಬಂದು, ಚಪ್ಪಲಿ ಕೆಸರಲ್ಲಿ ಹೂತುಹೋಯಿತೇ ಎಂದು ಕೊಂಕಣಿಯಲ್ಲಿ ವಿಚಾರಿಸಿದರು. ಹಕ್ಕಿಗಾಗಿ ಕೂತಿದ್ದೇನೆ ಎಂದಾಗ ಅವರ ಮುಖದಲ್ಲಿದ್ದ ಕನಿಕರ ಇಮ್ಮಡಿಯಾಯಿತು. ಅಷ್ಟರಲ್ಲಿ ಮಿಂಚುಳ್ಳಿ ಬಂದು, ಮೀನು ಹಿಡಿದು, ತಿಂದು, ಹೋಗಿಯೂ ಆಗಿತ್ತಂತೆ. ಹಾಗೆಂದು ಅವರೇ ಹೇಳಿದರು.

ಹತ್ತಿರದಿಂದ ಕಂಡರೆ ಏನು ಸಿಗುತ್ತದೆ ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಒಮ್ಮೆ ಅಕಸ್ಮಾತ್ತಾಗಿ ಸೂರಕ್ಕಿಯದೊಂದು ಮುಖ ಚಿತ್ರದಲ್ಲಿ ತುಂಬಿ ಬಂದಿತ್ತು. ದೂರದಿಂದ ರತ್ನದ ತುಣುಕಿನಂತೆ ಹೊಳೆಯುವ ಆ ಜೀವ, ಹತ್ತಿರದಲ್ಲಿ ಪರೀಕ್ಷಾ ಕೊಠಡಿಯ ಮೇಲ್ವಿಚಾರಕನಂತೆ ನನ್ನನ್ನು ದುರುಗುಟ್ಟುತ್ತಿತ್ತು. ಮನುಷ್ಯರ ಮಟ್ಟಿಗೆ ಈ ಸತ್ಯವನ್ನು ನಾವು ಬಹಳ ಹಿಂದೆಯೇ ಒಪ್ಪಿಕೊಂಡಿದ್ದೇವೆ: ಬೀಗರು ಅಂಕೋಲೆಯಲ್ಲಿದ್ದರೆ ಒಳ್ಳೆಯವರು, ಪಕ್ಕದ ಮನೆಗೇ ಬಂದರೆ ಬರಿಯ ಬೀಗರು. ಆದರೂ ಹಕ್ಕಿಯ ವಿಷಯದಲ್ಲಿ ಮಾತ್ರ ನಾವು ಅಂತರವನ್ನು ಅವಮಾನವೆಂದೇ ಭಾವಿಸುತ್ತೇವೆ. ಅದು ನಮ್ಮನ್ನು ನಂಬಲಿಲ್ಲವಲ್ಲ ಎಂದು ಮುನಿಸಿಕೊಳ್ಳುತ್ತೇವೆ.

ಇಂಥ ಮುನಿಸಿನಲ್ಲಿದ್ದಾಗಲೇ, ಕಳೆದ ಬೇಸಗೆಯಲ್ಲಿ, ಅಗಸೂರಿನಿಂದ ಬೊಮ್ಮಯ್ಯ ಫೋನು ಮಾಡಿದ. ಆ ಕಡೆ ನಾನು ಕಲಿಸುತ್ತಿದ್ದಾಗ ನನ್ನ ಕೈಯಲ್ಲಿ ಮಗ್ಗಿ ಕಲಿತವನು. ಈಗ ಶೇಂಗಾ ಬೆಳೆಯುತ್ತಾನೆ, ಬೆಳೆಯಿಲ್ಲದ ದಿನ ಗಂಡಹೆಂಡತಿ ಇಬ್ಬರೂ ಕೂಲಿಗೆ ಹೋಗುತ್ತಾರೆ. ತಮ್ಮ ಅಂಗಳದ ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿ ಮರಿ ಮಾಡಿದೆ, ಎದೆಯೆತ್ತರದಲ್ಲೇ ಇದೆ, ಬಂದುಬಿಡಿ ಎಂದ. ಎದೆಯೆತ್ತರ! ಕೆನ್ನೆಗೆ ಕುಂಕುಮ ಹಚ್ಚಿಕೊಂಡು, ತಲೆಗೆ ಕರಿಯ ಜುಟ್ಟು ಏರಿಸಿಕೊಂಡು ಓಡಾಡುವ ಆ ಹಕ್ಕಿಯ ಸಂಸಾರ ನನ್ನ ಎದೆಯೆತ್ತರದಲ್ಲಿ! ನಾನು ಉದ್ವೇಗದಲ್ಲಿ, ಗೂಡು ಸರಿಯಾಗಿ ಕಾಣುತ್ತದೆಯೇ, ಎಲೆ ಅಡ್ಡ ಬರುವುದಿಲ್ಲವೇ ಎಂದು ಮತ್ತೆ ಮತ್ತೆ ಕೇಳಿದೆ. ಪ್ರಶ್ನೆಯನ್ನು ಅಪ್ಪಣೆಯೆಂದು ತಿಳಿದುಕೊಳ್ಳುವುದು ನಮ್ಮ ಕಡೆಯ ಅತಿಥಿಸತ್ಕಾರದ ಮೊದಲ ಲಕ್ಷಣ ಎಂಬುದು ಆಗ ನೆನಪಾಗಲಿಲ್ಲ.

ಮರುದಿನ ಅಂಕೋಲೆಯಲ್ಲಿ ಬಸ್ಸು ಬದಲಿಸಿ, ಕ್ಯಾಮೆರಾದ ಚೀಲ ಒಂದು ಹೆಗಲಿಗೆ, ಮೂರು ಕಾಲಿನ ಸ್ಟ್ಯಾಂಡು ಇನ್ನೊಂದಕ್ಕೆ, ಬಿಸಿಲಿಗೆಂದು ಛತ್ರಿ ಕಂಕುಳಿಗೆ, ಹೀಗೆ ದಂಡಯಾತ್ರೆಗೆ ಹೊರಟವನಂತೆ ಅಗಸೂರು ತಲುಪಿದೆ. ಅಂಗಳ ಸಾರಿಸಿತ್ತು. ರಂಗೋಲಿ ಇತ್ತು. ಬೊಮ್ಮಯ್ಯನ ಹೆಂಡತಿ ಹೊನ್ನಮ್ಮ ಹೊಸ ಸೀರೆ ಉಟ್ಟಿದ್ದಳು. ಫೋಟೋದವರು ಬರುತ್ತಾರೆಂದರೆ ಮನೆಯನ್ನು ಮದುವೆಮನೆ ಮಾಡುವುದು ಊರ ಕ್ರಮ. ಅದಕ್ಕೆ ದಾಸವಾಳವೂ ಹೊರತಾಗಿರಲಿಲ್ಲ. ಎಲೆ, ಟೊಂಗೆ, ಮೊಗ್ಗು ಎಲ್ಲವನ್ನೂ ಕತ್ತಿಯಿಂದ ಸವರಿ, ನಡುವೆ ಗೂಡೊಂದನ್ನು ಪ್ರಸಾದದ ಬಟ್ಟಲಿನಂತೆ ಬಿಟ್ಟಿದ್ದರು.

“ನೀವು ಬರ್ತ್ರಿ ಹೇಳಿ ಬೆಳಿಗ್ಗೇನೇ ಸವರಿಟ್ಟೆ ಮಾಸ್ತರ್ರೆ,” ಎಂದಳು ಹೊನ್ನಮ್ಮ. “ಈಗ ಚಲೋ ಕಾಣ್ತದೆ ಅಲಾ?”

ಚಲೋ ಕಾಣುತ್ತಿತ್ತು. ಅದಕ್ಕಿಂತ ಚಲೋ ಕಾಣಲು ಸಾಧ್ಯವೇ ಇರಲಿಲ್ಲ. ಕಣ್ಣು ಬಿಡದ, ಪುಕ್ಕವಿಲ್ಲದ ಎರಡು ಮರಿಗಳು ಬಿಸಿಲಿನಲ್ಲಿ ಬಾಯಿ ತೆರೆದು ಏದುತ್ತಿದ್ದವು. ನನಗೆ ಚಲೋ ಕಂಡದ್ದು ತೆಂಗಿನ ಮರದ ಮೇಲಿದ್ದ ಕಾಗೆಗೂ ಕಂಡಿತ್ತು. ಅದು ಕತ್ತು ಓರೆ ಮಾಡಿ ಲೆಕ್ಕ ಹಾಕುತ್ತಿತ್ತು. ತಾಯಿ ಪಿಕಳಾರ ಬೇಲಿಯ ಮೇಲೆ ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಒಂದೇ ಸಮನೆ ಬೈಯುತ್ತಿತ್ತು. ಹುಳ ಬೀಳಿಸದೆ ಬೈಯುವ ಆ ವಿದ್ಯೆಯನ್ನು ಇನ್ನಾವ ಸಮಯದಲ್ಲಾದರೂ ನಾನು ಮೆಚ್ಚುತ್ತಿದ್ದೆ.

ಸಿಟ್ಟು ಬಂತು. ಆದರೆ ಯಾರ ಮೇಲೆ ಮಾಡುವುದು? ಎಲೆಯ ವಿಚಾರ ಎತ್ತಿದವನು ನಾನು; ಅವರು ನನ್ನ ಮಾತಿಗೆ ಕೊಟ್ಟ ಬೆಲೆಯೇ ಆ ಬೋಳು ಗಿಡ. ಹೊಸ ಸೀರೆ ಉಟ್ಟು ನಿಂತವಳಿಗೆ ನೀನು ಮಾಡಿದ್ದು ಅನಾಹುತ ಎನ್ನಲು ಬಾಯಿ ಬರಲಿಲ್ಲ. ಸುಮ್ಮನೆ ಛತ್ರಿ ಬಿಚ್ಚಿ ಗೂಡಿನ ಮೇಲೆ ಹಿಡಿದು ನಿಂತೆ. ಮರಿಗಳಿಗೆ ನೆರಳಾಯಿತು, ಕಾಗೆಗೆ ನಿರಾಶೆಯಾಯಿತು. ಆದರೆ ನಾನು ನಿಂತಿರುವವರೆಗೆ ತಾಯಿ ಹತ್ತಿರ ಬಾರದು. ನಾನು ಸರಿದರೆ ಬಿಸಿಲು ಮತ್ತು ಕಾಗೆ, ನಿಂತರೆ ಉಪವಾಸ. ಇಷ್ಟು ಹತ್ತಿರ ಯಾವ ಹಕ್ಕಿಗೂ ನಾನು ಹೋದದ್ದಿಲ್ಲ. ದೂರವಿದ್ದರೆ ಸಾಕು ಎಂದು ಇಷ್ಟು ತೀವ್ರವಾಗಿ ಬಯಸಿದ್ದೂ ಇಲ್ಲ.

ಬೊಮ್ಮಯ್ಯ ಕೊಟ್ಟಿಗೆಯ ಕಡೆಯಿಂದ ಬಂದು ಈ ದೃಶ್ಯವನ್ನು ಅವಲೋಕಿಸಿದ. “ಮಾಸ್ತರ್ರು ಫೋಟೋ ತೆಗೂಕೆ ಬಂದ್ರೋ, ಛತ್ರಿ ಹಿಡೂಕೆ ಬಂದ್ರೋ?”

“ನೀವೊಂದು ಸುಮ್ನಿರಿ,” ಎಂದಳು ಹೊನ್ನಮ್ಮ. “ಮದ್ವೇಲಿ ನಂಗೇ ಯಾರೂ ಹಿಡೀಲಿಲ್ಲ ಛತ್ರಿ.”

ಹಾಗೆಂದವಳ ದೃಷ್ಟಿ ಮರಿಗಳ ಬಾಯಿಂದ ಕಾಗೆಗೆ, ಕಾಗೆಯಿಂದ ಕಾಲಬುಡದಲ್ಲಿ ಬಾಡುತ್ತಿದ್ದ ಟೊಂಗೆಗಳಿಗೆ ಹರಿಯಿತು. ನಾನು ಏನನ್ನೂ ವಿವರಿಸಬೇಕಾಗಲಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು ಒಳಗಿನಿಂದ ಬಾಳೆನಾರು ತಂದಳು. ಕ್ಯಾಮೆರಾದ ಸ್ಟ್ಯಾಂಡನ್ನು ಗಿಡಕ್ಕೆ ಒತ್ತಿ ನಿಲ್ಲಿಸಿದೆವು. ಅದರ ನೆತ್ತಿಗೆ, ಕ್ಯಾಮೆರಾ ಕೂರಬೇಕಾದ ಪೀಠಕ್ಕೆ, ಛತ್ರಿಯ ಹಿಡಿಯನ್ನು ಬಿಗಿದೆವು. ಸವರಿದ ಟೊಂಗೆಗಳನ್ನೇ ಎತ್ತಿ ಸುತ್ತ ಕಟ್ಟಿದೆವು. ಅಲುಗಾಟವನ್ನು ತಡೆಯಲು ಮಂಗಳೂರಿನಿಂದ ತರಿಸಿದ ಆ ಸಾಧನ ಮೊದಲ ಬಾರಿಗೆ ಅಲುಗಾಡದೆ ಒಂದು ಕೆಲಸ ಮಾಡಿತು. ಬೊಮ್ಮಯ್ಯ ಕಾಗೆಯನ್ನು ತೆಂಗಿನಿಂದ ಎಬ್ಬಿಸಿ ಗದ್ದೆಯಾಚೆ ಕಳುಹಿಸಿ ಬಂದ.

ಮೂವರೂ ಜಗುಲಿಗೆ ಹಿಂದೆಗೆದೆವು. ಹೊನ್ನಮ್ಮ ಮುರುಗಲು ಪಾನಕ ತಂದಿಟ್ಟಳು, ಯಾರೂ ಕುಡಿಯಲಿಲ್ಲ. ಕಪ್ಪು ಛತ್ರಿ ಹೊತ್ತ ಹೊಸ ಗಿಡವನ್ನು ಪಿಕಳಾರ ಒಪ್ಪಬೇಕಲ್ಲ! ಅದು ಬೇಲಿಯಿಂದ ಬಾವಿಕಟ್ಟೆಗೆ ಬಂತು, ಅಲ್ಲಿಂದ ಮರಳಿ ಬೇಲಿಗೆ ಹೋಯಿತು. ಬೈಗುಳ ನಿಂತಿತು, ಅದು ಇನ್ನೂ ಭಯಂಕರವಾಗಿತ್ತು. ಹೊನ್ನಮ್ಮ ತನ್ನ ಬೆರಳು ತಾನೇ ಹಿಸುಕಿಕೊಳ್ಳುತ್ತಿದ್ದಳು. ಲೋಕದಲ್ಲಿ ಇಷ್ಟೆಲ್ಲ ಹಕ್ಕಿಗಳಿರುವಾಗ ಒಂದು ಹಕ್ಕಿಯ ಒಂದು ಹುಳ ಒಂದು ಗೂಡಿಗೆ ತಲುಪುವುದು ಮಹಾ ಘಟನೆಯೇ ಎಂದು ನಿನ್ನೆಯಾಗಿದ್ದರೆ ನಾನೂ ಕೇಳುತ್ತಿದ್ದೆನೇನೋ.

ಕೊನೆಗೆ ಅದು ಛತ್ರಿಯ ತುದಿಗೆ ಹಾರಿತು. ಜುಟ್ಟು ನಿಮಿರಿಸಿ ಆಚೀಚೆ ನೋಡಿತು, ಒಂದು ಕಡ್ಡಿಯ ಗುಂಟ ಜಾರಿ, ನೆರಳಿನೊಳಗೆ ನುಸುಳಿತು. ಒಳಗಿನಿಂದ ಚಿಲಿಪಿಲಿಯ ಸಣ್ಣ ದೊಂಬಿಯೆದ್ದಿತು.

ಕ್ಯಾಮೆರಾ ನನ್ನ ತೊಡೆಯ ಮೇಲೆಯೇ ಇತ್ತು. ಮುಚ್ಚಳವೂ ತೆಗೆದಿತ್ತು.

“ಬಂತಲಾ, ತೆಗೀರಿ ಮಾಸ್ತರ್ರೆ,” ಎಂದು ಹೊನ್ನಮ್ಮ ಪಿಸುಗುಟ್ಟಿದಳು.

“ತಡಿ ಹೊನ್ನಮ್ಮ,” ಎಂದೆ. “ಮೊದ್ಲು ಉಣ್ಲಿ.”

ಉಣ್ಣುತ್ತಿರುವವರನ್ನು ಎಬ್ಬಿಸಬಾರದೆಂಬುದು ಆ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಒಂದು ಹಕ್ಕಿ ಹೋದರೆ ಅದರ ಜೋಡಿ ಬಂತು, ಅದು ಹೋದರೆ ಇದು ಬಂತು. ನಾವು ಪಾನಕ ಕುಡಿದೆವು, ಊಟ ಮಾಡಿದೆವು, ಬೊಮ್ಮಯ್ಯ ಒಂದು ನಿದ್ದೆಯನ್ನೂ ಮುಗಿಸಿದ. ಛತ್ರಿಯನ್ನೂ ಸ್ಟ್ಯಾಂಡನ್ನೂ ಅಲ್ಲೇ ಬಿಟ್ಟು, ಬರಿಯ ತಲೆಯಲ್ಲಿ, ಸಂಜೆಯ ಬಸ್ಸಿಗೆ ಹೊರಟಾಗಲೂ ಆ ಮರಿಗಳ ಪಂಕ್ತಿ ಮಾತ್ರ ಮುಗಿದಿರಲಿಲ್ಲ.